ಬಾಕಿ ಉಳಿದ ಎರಡು ಸುಳಿವು

"ಒಳಗೆ ಯಾರಿದ್ದೀರಿ? ಹೆದರ್ಬೇಡಿ... ನನ್ನ ಮಾತು ಕೇಳಿಸ್ತಿದ್ಯಾ?"

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತುಬಿಟ್ಟ ಲಿಫ್ಟಿನೊಳಗೆ, ಕತ್ತಲಲ್ಲಿ, ತಣ್ಣನೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಅವಳ ಎದೆ ಧಸಕ್ಕೆಂದಿತು.

ಕತ್ತಲಿಗಲ್ಲ. ಆ ದನಿಗೆ!

ಆ ದನಿ ಕೇಳಿ ಏಳು ತಿಂಗಳಾಗಿತ್ತು. ಮುಖ ನೋಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಕದ್ದು. ಆದರೆ ದನಿಯನ್ನು ಎರಡು ವರ್ಷ ಭಾನುವಾರ ತಪ್ಪದೆ ಫೋನಿನಲ್ಲಿ ಕೇಳಿದ್ದಳು. ಮರೆತೆನೆಂದು ತನಗೆ ತಾನೇ ಹೇಳಿಕೊಂಡಿದ್ದೆಲ್ಲ ಸುಳ್ಳೆಂದು ಆ ಕ್ಷಣಕ್ಕೇ ಗೊತ್ತಾಯಿತು.

"ಕರೆಂಟ್ ಹೋಗಿದೆ ಅಷ್ಟೇ. ವಾಚ್‌ಮನ್ ಜನರೇಟರ್ ಹಾಕೋಕೆ ಕೆಳಗೆ ಹೋಗಿದ್ದಾರೆ. ಬಾಗಿಲು ಮಾತ್ರ ತಳ್ಳೋಕೆ ಹೋಗ್ಬೇಡಿ. ನಾನು ಲಿಫ್ಟ್ ರಿಪೇರಿಯವನೇ, ಇಲ್ಲೇ ನಿಂತಿದ್ದೀನಿ. ಒಂದು ಸಲ 'ಹೂಂ' ಅನ್ನಿ ಸಾಕು."

"ಹೂಂ," ಎಂದಳು.

ನಾನೇ ಅಂತ ಇವರಿಗೆ ಗೊತ್ತಾಗದಿರಲಿ ದೇವರೇ...

"ಉಸಿರು ಜೋರಾಗಿ ಬಿಡ್ತಿದ್ದೀರಿ. ಭಯ ಆದಾಗ ತಲೆಗೊಂದು ಕೆಲಸ ಕೊಡ್ಬೇಕು. ಒಂದು ಆಟ ಆಡೋಣ್ವಾ? ಮೂರು ಸುಳಿವು ಕೊಡ್ತೀನಿ, ಏನು ಅಂತ ನೀವು ಹೇಳ್ಬೇಕು. ಸಿಕ್ಕಿಹಾಕ್ಕೊಂಡವರಿಗೆಲ್ಲ ನಾನು ಇದನ್ನೇ ಆಡಿಸೋದು. ಮೊದಲನೇದು... ಇದರ ಕಣ್ಣು ಇದರ ಮೆದುಳಿಗಿಂತ ದೊಡ್ಡದು."

ಅವಳು ಸುಮ್ಮನಿರಬೇಕಿತ್ತು. ಏನು ಮಾಡುವುದು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ!

"ಉಷ್ಟ್ರಪಕ್ಷಿ," ಎಂದುಬಿಟ್ಟಳು.

ಮೊದಲನೇ ಸುಳಿವಿಗೇ ಉತ್ತರ ಒಪ್ಪಿಸುವವರು ಅವನಿಗೆ ಗೊತ್ತಿದ್ದವರಲ್ಲಿ ಒಬ್ಬರೇ ಇದ್ದರು.

"...ಚಾಳೀಸು?"

ಅವಳ ಕಣ್ಣಲ್ಲಿ ನೀರು ತುಂಬಿತು.

ಅಷ್ಟರಲ್ಲಿ ದೀಪ ಬಂತು. ಲಿಫ್ಟ್ ಒಮ್ಮೆ ಅದುರಿ ಮೇಲೇರಿತು. ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದ, ಹೆಗಲಿಗೆ ಸಾಮಾನಿನ ಚೀಲ, ಎಡಗಾಲಿನ ಮೇಲೆ ಭಾರ ಬಿಡದೆ. ಅವಳಂದುಕೊಂಡಿದ್ದಕ್ಕಿಂತ ಇಳಿದುಹೋಗಿದ್ದ.

"ಚೆನ್ನಾಗಿದ್ದೀರಾ?"

"ಹೂಂ. ನೀವು?"

"ಹೂಂ."

ಏಳು ತಿಂಗಳ ಮಾತನ್ನು ಎರಡು ಹೂಂನಲ್ಲಿ ಮುಗಿಸಿ, ಇಬ್ಬರೂ ಒಬ್ಬರ ಹಿಂದೊಬ್ಬರು ಮೇಷ್ಟ್ರ ಮನೆಯೊಳಗೆ ಹೋದರು. ಮೇಷ್ಟ್ರು ತೀರಿಕೊಂಡು ಅಂದಿಗೆ ಹದಿನೈದು ದಿನ.

* * *

ಇವರ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರಿಗೆ ಮನೆಯಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಫೋನಿನಲ್ಲಿ 'ಮೂರು ಸುಳಿವು' ಎಂಬ ಗುಂಪು ಕಟ್ಟಿದರು. ಬಂದವರು ಬಹಳ, ಉಳಿದವರು ನಾಲ್ಕೇ ಜನ. ಆಸ್ಪತ್ರೆಯ ನರ್ಸ್ ಒಬ್ಬಳು, ಅವಳು ಎಲ್ಲರಿಗೂ 'ಸಿಸ್ಟರ್'. ಬ್ರೆಡ್ಡು ಬನ್ನು ಸುಡುವವನೊಬ್ಬ, 'ಬೇಕರಿ'. ಲಿಫ್ಟ್ ರಿಪೇರಿ ಮಾಡುವ ಇವನು 'ಲಿಫ್ಟ್'. ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ದಿನವಿಡೀ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವ ಇವಳಿಗೆ ಮೇಷ್ಟ್ರೇ ಇಟ್ಟ ಹೆಸರು 'ಚಾಳೀಸು'.

ಆಟ ಸರಳ. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಒಬ್ಬರು ಕೇಳಬೇಕು. ಉತ್ತರವನ್ನು ಮೊದಲೇ ಚೀಟಿಯಲ್ಲಿ ಬರೆದು, ಫೋಟೋ ತೆಗೆದು, ಮೇಷ್ಟ್ರಿಗೆ ಮಾತ್ರ ಕಳಿಸಬೇಕು. ಮಧ್ಯದಲ್ಲಿ ಉತ್ತರ ಬದಲಾಯಿಸುವ ಕಳ್ಳಾಟ ನಡೆಯಬಾರದಲ್ಲ! ಮೊದಲನೇ ಸುಳಿವಿಗೆ ಹೇಳಿದರೆ ಮೂರು ಪಾಯಿಂಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ಒಬ್ಬರಿಗೆ ಒಂದೇ ಊಹೆ. ಆಟವೆಲ್ಲ ಗುಂಪಿನಲ್ಲಿ ಬರೆದೇ, ಮುಗಿದ ಮೇಲೆ ಎಲ್ಲರೂ ಫೋನಿನಲ್ಲಿ ಒಟ್ಟಿಗೆ ಹರಟೆ.

ಊಹೆ ತಪ್ಪಿದರೆ ಬಾಯಿಗೆ ಬೀಗ. ಆ ಸುತ್ತು ಮುಗಿಯುವ ತನಕ ಆ ಪ್ರಶ್ನೆಯ ಬಗ್ಗೆ ತುಟಿಪಿಟಕ್ಕೆನ್ನುವಂತಿಲ್ಲ, ಗುಂಪಿನಲ್ಲೂ ಇಲ್ಲ, ಹೊರಗೂ ಇಲ್ಲ. ಊಹಿಸುವವರೆಲ್ಲರ ಬಾಯಿಗೂ ಬೀಗ ಬಿದ್ದರೆ ಮಾತ್ರ ಎಲ್ಲರ ಬೀಗವೂ ತೆರೆದು, ಇನ್ನೊಂದು ಅವಕಾಶ. ಮೇಷ್ಟ್ರು ಈ ನಿಯಮದಲ್ಲಿ ಯಾರ ಮುಲಾಜೂ ನೋಡುತ್ತಿರಲಿಲ್ಲ.

ಚಾಳೀಸಿನ ಬಾಯಿಗೆ ಎರಡು ವರ್ಷದಲ್ಲಿ ಒಮ್ಮೆಯೂ ಬೀಗ ಬಿದ್ದಿರಲಿಲ್ಲ. ಅವಳದು ಯಾವಾಗಲೂ ಮೊದಲನೇ ಸುಳಿವು, ಮೂರು ಪಾಯಿಂಟು.

"ಇವಳಿರೋವರೆಗೆ ನಮಗೆ ತಿನ್ನೋಕೆ ಒಣ ಬ್ರೆಡ್ಡೇ ಗತಿ," ಎಂದು ಬೇಕರಿ ಗೊಣಗುತ್ತಿದ್ದ.

ಹೋದ ವರ್ಷ ಒಂದು ಭಾನುವಾರ ಗುಂಪಿನಲ್ಲಿ ಲಿಫ್ಟ್ ಒಂದು ಸಾಲು ಬರೆದ. 'ಲಿಫ್ಟ್ ಗುಂಡಿಗೆ ಬಿದ್ದಿದ್ದೀನಿ. ಕಾಲು ಮುರಿದಿದೆ. ಕಾಲ್ ಹೋಗ್ತಿಲ್ಲ.'

ರಜೆಯ ದಿನ, ಖಾಲಿ ಕಟ್ಟಡ, ನೆಲಮಾಳಿಗೆಗಿಂತ ಕೆಳಗಿನ ಗುಂಡಿ. ಮೇಷ್ಟ್ರು ಅವನಿಂದ ವಿಳಾಸ ಬರೆಸಿಕೊಂಡು ಅಗ್ನಿಶಾಮಕದವರನ್ನು ಕರೆದರು. ಸಿಸ್ಟರ್ ತನ್ನ ಆಸ್ಪತ್ರೆಯ ಆಂಬುಲೆನ್ಸ್ ಕಳಿಸಿದಳು. ಅವರು ಹುಡುಕಿಕೊಂಡು ಬರುವ ತನಕ ಅವನು ಪ್ರಜ್ಞೆ ತಪ್ಪದಂತೆ ನೋಡಿಕೊಳ್ಳಬೇಕಿತ್ತು. ಆ ಹೊತ್ತಿಗೆ ಚಾಳೀಸು ಅವನೊಬ್ಬನಿಗೇ ಮೆಸೇಜು ಹಾಕುತ್ತ ಕೂತಳು.

'ನಿದ್ದೆ ಬರ್ತಿದೆ,' ಎಂದು ಅವನು ಬರೆದ.

'ಬರಬಾರದು! ಮೊದಲನೇ ಸುಳಿವು ಹೇಳ್ತೀನಿ, ಉತ್ತರ ಹೇಳಿ ಆಮೇಲೆ ಮಲಗಿ,' ಎಂದು ಬರೆದಳು.

ಒಂದಾದ ಮೇಲೊಂದು ಕೇಳಿದಳು. ಅವನ ಉತ್ತರ ತಡವಾದರೆ ಇವಳ ಜೀವ ಬಾಯಿಗೆ ಬರುತ್ತಿತ್ತು. ಆ ದಿನವೇ ಅವಳಿಗೆ ಗೊತ್ತಾಗಿದ್ದು, ಮುಖ ಕಾಣದ ಈ ಮನುಷ್ಯ ತನಗೆ ಬರೀ ಆಟದ ಗೆಳೆಯನಲ್ಲ ಅಂತ.

ನಾಲ್ಕನೇ ದಿನ ಧೈರ್ಯ ಮಾಡಿ ಆಸ್ಪತ್ರೆಗೆ ಹೋದಳು. ಬಾಗಿಲ ಗಾಜಿನಾಚೆ, ಗುಂಪಿನಲ್ಲಿ ಮುಖದ ಫೋಟೋ ಹಾಕಿದ್ದ ಒಬ್ಬಳೇ ಸಿಸ್ಟರ್, ಅವನನ್ನು ಎತ್ತಿ ಕೂರಿಸುತ್ತಿದ್ದಳು. ಅವನು ಅವಳ ಕೈ ಗಟ್ಟಿಯಾಗಿ ಹಿಡಿದು ನಗುತ್ತಿದ್ದ. ಸಿಸ್ಟರ್ ಚೆಂದದ ಹುಡುಗಿ, ಮದುವೆ ಆಗಿಲ್ಲ, ಅವನ ಜೀವ ಉಳಿಸಿದವಳು.

ನಾನೇನು ಮಾಡಿದೆ? ಆಟ ಆಡಿದೆ...

ತಂದಿದ್ದ ಹಣ್ಣಿನ ಚೀಲವನ್ನು ಹೊರಗಿನ ಬೆಂಚಿನ ಮೇಲಿದ್ದ ಯಾವುದೋ ಅಜ್ಜಿಯ ಕೈಗೆ ಕೊಟ್ಟು ವಾಪಸು ಬಂದಳು.

ಎರಡು ತಿಂಗಳಾದ ಮೇಲೆ ಲಿಫ್ಟ್ ಕೇಳುವ ಸರದಿ. ಅವನ ಮೊದಲನೇ ಸುಳಿವು ಬಂತು. 'ನಮ್ಮ ಗುಂಪಿನವರೇ. ಇವರಿಲ್ಲದಿದ್ದರೆ ನಾನು ಇವತ್ತು ಇರ್ತಿರಲಿಲ್ಲ.'

ಅವಳಿಗೆ ಗೊತ್ತಾಗಿಹೋಯಿತು. ಬಂತಲ್ಲ, ಎಲ್ಲರೆದುರಿಗೇ ಹೇಳುವ ದಿನ! ಚುಚ್ಚುವ ಮುಳ್ಳು ಬೇಗ ಚುಚ್ಚಿ ಮುಗಿಯಲಿ ಎಂದು ಒಂದೇ ಏಟಿಗೆ ಟೈಪ್ ಮಾಡಿದಳು. 'ಸಿಸ್ಟರ್!'

ಆಮೇಲೆ ಮೇಷ್ಟ್ರು ಬೀಗದ ಚಿತ್ರ ಹಾಕಿದರು. ಉತ್ತರ ತಪ್ಪು.

ಹಿಂದೆಯೇ ಲಿಫ್ಟ್ ಬರೆದ. 'ಆಟ ಸಾಕು. ಕ್ಷಮಿಸಿ ಎಲ್ಲರೂ.' ಗುಂಪು ಬಿಟ್ಟು ಹೋದ.

ಮೇಷ್ಟ್ರು ಆ ಸುತ್ತನ್ನು ರದ್ದು ಮಾಡಲಿಲ್ಲ. 'ಎರಡು ಸುಳಿವು ಬಾಕಿ' ಎಂದು ಗುಂಪಿನಲ್ಲಿ ಬರೆದಿಟ್ಟರು.

ಬುದ್ಧಿವಂತರಿಗೆ ಮೂರು ಕಡೆ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಲ್ಲ. ತಪ್ಪು ಉತ್ತರ ಅಂದಮೇಲೆ ಸರಿ ಉತ್ತರ ಯಾವುದೆಂದು ಇವಳು ಯೋಚಿಸಬಹುದಿತ್ತು. ಯೋಚಿಸಿದಳು, ಎಲ್ಲ ತಲೆಕೆಳಗಾಗಿ! ಸಿಸ್ಟರ್ ಹೆಸರು ತಾನು ಬಯಲು ಮಾಡಿದ್ದಕ್ಕೆ ಅವನಿಗೆ ನಾಚಿಕೆಯಾಗಿದೆ, ಅದಕ್ಕೇ ಮೇಷ್ಟ್ರ ಕೈಯಲ್ಲಿ ತಪ್ಪು ಎನಿಸಿದ್ದಾನೆ ಎಂದುಕೊಂಡಳು. 'ನನಗೇನೂ ಗೊತ್ತಿಲ್ಲ ಕಣೇ, ಆಣೆ!' ಎಂದು ಸಿಸ್ಟರ್ ಬರೆದರೂ ನಂಬಲಿಲ್ಲ. ಅವನಿಗೆ ಒಂದು ಮಾತು ಬರೆಯೋಣವೆಂದರೆ ಬಾಯಿಗೆ ಬೀಗ, ಸುತ್ತು ಇನ್ನೂ ಮುಗಿದಿಲ್ಲ. ನಿಜ ಹೇಳಬೇಕೆಂದರೆ ಆ ಬೀಗದ ಹಿಂದೆ ಬಚ್ಚಿಟ್ಟುಕೊಳ್ಳುವುದು ಅವಳಿಗೂ ಹಿತವಾಗಿತ್ತು. ಕೇಳಿ 'ಇಲ್ಲ' ಅನ್ನಿಸಿಕೊಳ್ಳುವುದಕ್ಕಿಂತ ಕೇಳದೆ ಅಳುವುದು ಸುಲಭ ನೋಡಿ.

* * *

ಮೇಷ್ಟ್ರ ಮನೆಯ ನಡುಮನೆಯಲ್ಲಿ ಅವರ ಕುರ್ಚಿ ಕಿಟಕಿಗೆ ಮುಖ ಮಾಡಿ ಹಾಗೇ ಇತ್ತು. ಕುರ್ಚಿಯ ತೋಳಿನ ಮೇಲೆ ಅವರ ಕನ್ನಡಕ. ಆ ಲೆನ್ಸ್ ಇವಳೇ ಮಾಡಿ ಕಳಿಸಿದ್ದು. ಅದನ್ನು ಕಂಡದ್ದೇ ತಡ, ಬರುವಾಗ ಕಟ್ಟಿಕೊಂಡು ಬಂದ ಧೈರ್ಯವೆಲ್ಲ ಕರಗಿಹೋಯಿತು.

"ಅಳಬೇಡ ಕಣಮ್ಮ," ಎಂದು ಮೇಷ್ಟ್ರ ಹೆಂಡತಿ, ಇವರಿಗೆಲ್ಲ 'ಅಮ್ಮ', ಅವಳ ಬೆನ್ನು ಸವರಿದರು. "ನಾನೇ ಅತ್ತು ಅತ್ತು ಸುಸ್ತಾಗಿದ್ದೀನಿ. ಬೆಳಿಗ್ಗೆ ಎದ್ದು ಎರಡು ಲೋಟ ಕಾಫಿ ಬೆರೆಸ್ತೀನಿ, ಆಮೇಲೆ ನೆನಪಾಗುತ್ತೆ."

ಸೋಫಾದ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ.

"ನೀನು ನಾಳೆ ಹೊರಟೆಯೇನಪ್ಪ?" ಎಂದು ಅಮ್ಮ ಕೇಳಿದರು.

"ಹೂಂ ಅಮ್ಮ. ಬೆಳಿಗ್ಗೆ ಏಳಕ್ಕೆ ರೈಲು. ಆ ಊರಲ್ಲಿ ಕಂಪನಿಯವರು ಹೊಸ ಕಟ್ಟಡಗಳ ಕೆಲಸ ಹಿಡಿದಿದ್ದಾರೆ. ಎರಡು ವರ್ಷ."

ಎರಡು ವರ್ಷ!

ಹೋಗಲಿ ಬಿಡು, ನಿನಗೇನು ಅಂತ ತನಗೇ ಬೈದುಕೊಂಡಳು. ಎದೆ ಕೇಳಬೇಕಲ್ಲ.

ಅಮ್ಮ ಮೇಷ್ಟ್ರ ಫೋನು ತಂದು ಮಡಿಲಲ್ಲಿಟ್ಟುಕೊಂಡರು.

"ನಿಮ್ಮಿಬ್ಬರನ್ನ ಯಾಕೆ ಕರೆದೆ ಅಂದ್ರೆ... ಈ ನಂಬರು ಇವತ್ತು ಸಂಜೆ ನಿಲ್ಲಿಸ್ತಿದ್ದೀನಿ. ಗುಂಪನ್ನೂ ಮುಚ್ತೀನಿ. ನನಗೆ ಇದನ್ನ ನೋಡೋಕಾಗಲ್ಲ. ಆದರೆ ಅವರದೊಂದು ಆಟ ಬಾಕಿ ಉಳಿದಿದೆ. ಅದು ಮುಗೀಲಿ."

ಲಿಫ್ಟ್ ಏಳಲು ಹೋದ. "ಬೇಡ ಅಮ್ಮ. ಅದು ಮುಗಿದ ಕಥೆ."

"ಯಾರಪ್ಪ ಹೇಳಿದ್ದು ಮುಗೀತು ಅಂತ? ಏಳು ತಿಂಗಳು ಅವರು ನಿನ್ನ ಚೀಟೀನ ಹೊಟ್ಟೇಲಿಟ್ಕೊಂಡು ಒದ್ದಾಡಿದ್ರು! ಉತ್ತರ ಹೇಳಿಬಿಡಿ, ಪುಣ್ಯ ಬರುತ್ತೆ ಅಂತ ನಾನೆಷ್ಟು ಬಡ್ಕೊಂಡೆ. 'ಆಟ ಮುಗೀದೆ ಹೇಳೋ ಹಾಗಿಲ್ಲ ಕಣೇ, ಅವನೇ ಬಂದು ಮುಗಿಸ್ತಾನೆ' ಅಂದ್ರು. ನಿನಗೆ ಎಷ್ಟು ಸಲ ಫೋನ್ ಮಾಡಿದ್ರು? ನೀನು ಬಂದೆಯಾ?"

ಅವನು ತಲೆ ತಗ್ಗಿಸಿದ.

"ಹೇಳ್ದೇನೇ ಹೋಗಿಬಿಟ್ರು," ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಿನ್ನನ್ನ ಗುಂಪಿಗೆ ಮತ್ತೆ ಸೇರಿಸಿದ್ದೀನಿ. ಸಿಸ್ಟರೂ ಬೇಕರೀನೂ ಕಾಯ್ತಿದ್ದಾರೆ. ಗಂಟೆ ನಾಲ್ಕಾಯ್ತು. ಶುರು ಮಾಡು."

ಒಂದೇ ಸೋಫಾದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡದೆ ಫೋನು ನೋಡುತ್ತ ಕೂತರು. ಅಮ್ಮ ಮೊದಲನೇ ಸುಳಿವನ್ನೇ ಮತ್ತೆ ಹಾಕಿ, ಕೆಳಗೆ ಬರೆದರು. 'ಚಾಳೀಸಿಗೆ ಬೀಗ ಇದೆ. ಉಳಿದವರು ಆಡಬಹುದು.'

ಅವನು ಏನೋ ಬರೆದು, ಅಳಿಸಿ, ಮತ್ತೆ ಬರೆದ. ಆಮೇಲೆ ಅವಳ ಕೈಯಲ್ಲಿ ಫೋನು ನಡುಗಿತು.

'ಎರಡನೇ ಸುಳಿವು. ಗುಂಡಿಯಲ್ಲಿ ನಲವತ್ತೇಳು ನಿಮಿಷ. ಇವರು ಕೇಳಿದ್ದು ಹದಿನಾರು ಪ್ರಶ್ನೆ. ಹದಿನಾರೂ ನನಗೆ ಇವತ್ತಿಗೂ ಬಾಯಿಪಾಠ.'

ಅವಳು ಓದಿದಳು. ಮತ್ತೆ ಓದಿದಳು.

ಹದಿನಾರಾ? ನಾನು ಲೆಕ್ಕವೇ ಇಟ್ಟಿರಲಿಲ್ಲ... ಇದು... ಇದು ನಾನಾ?

ನಾನೇ!

ಅವನ ಕಡೆ ತಿರುಗಿ ಬಾಯಿ ತೆರೆದಳು.

"ಬೀಗ!" ಎಂದು ಅಮ್ಮ ಬೆರಳೆತ್ತಿದರು. "ಅವರ ಮನೇಲಿ ಅವರ ನಿಯಮ. ಕೂತ್ಕೋ."

ಅವಳು ಕೂತಳು. ಆ ಕುರ್ಚಿಯೆದುರು ನಿಯಮ ಮುರಿಯಲು ಅವಳಿಗೆ ಮನಸ್ಸು ಬರಲಿಲ್ಲ. ಇತ್ತ ತಿರುಗಿ ನೋಡಿ ಒಂದು ಸಲ, ನನ್ನ ಮುಖ ನೋಡಿದರೆ ಸಾಕು ಎಂದು ಒಳಗೇ ಕೂಗಿಕೊಂಡಳು. ಅವನು ನೋಡಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ. ಎರಡು ವರ್ಷದಲ್ಲಿ ಒಂದೂ ತಪ್ಪದವಳು ಆ ದಿನ ತಪ್ಪಿದಳೆಂದರೆ ಅದು ತಪ್ಪಲ್ಲ. ಮರ್ಯಾದೆಯಾಗಿ ಬೇಡ ಎಂದದ್ದು. ಆಸ್ಪತ್ರೆಗೂ ಬಾರದವಳು ಇನ್ನು ಹೇಗೆ ಹೇಳಬೇಕು?

ಅವನು ಮೂರನೆಯದನ್ನೂ ಬರೆದು ಮುಗಿಸಿದ.

'ಊರವರ ಕಣ್ಣೆಲ್ಲ ಸರಿ ಮಾಡ್ತಾರೆ. ತಮ್ಮ ಎದುರಿಗಿರೋದು ಮಾತ್ರ ಕಾಣಲ್ಲ.'

ಫೋನು ಜೇಬಿಗೆ ಹಾಕಿ ಎದ್ದು ನಿಂತ. "ಮುಗೀತಲ್ಲ ಅಮ್ಮ. ಬರ್ತೀನಿ. ಸಾಮಾನು ಕಟ್ಟೋದಿದೆ."

ಅವಳ ಕಣ್ಣಿಂದ ನೀರು ದಳದಳನೆ ಇಳಿಯುತ್ತಿತ್ತು. ಅವನು ಬಾಗಿಲ ಕಡೆ ನಡೆದ, ಎಡಗಾಲು ಎಳೆಯುತ್ತ. ಒಂದು ಹೆಜ್ಜೆ... ಎರಡು... ಸಿಸ್ಟರ್‌ಗೋ ಬೇಕರಿಗೋ ಈಗ ಉತ್ತರ ಗೊತ್ತಾಗಿರಲೇಬೇಕು. ಅವರು ಅವಳ ಹೆಸರು ಬರೆದರೆ ಸುತ್ತು ಮುಗಿಯುತ್ತದೆ. ಅವಳು ತಾನಾಗಿ ಹೇಳಬೇಕಿದ್ದ ಉತ್ತರ ಬೇರೆಯವರ ಪಾಲಾಗುತ್ತದೆ.

ಅಮ್ಮನ ಮಡಿಲಲ್ಲಿ ಫೋನು ಟಣ್ ಎಂದಿತು.

ಅಮ್ಮ ಜೋರಾಗಿ ಓದಿದರು. "ಬೇಕರಿ ಹೇಳ್ತಾನೆ... 'ಆನೆ'."

ಅವನು ಬಾಗಿಲಲ್ಲಿ ನಿಂತ. "ಏನಂತೆ?"

"ಆನೆ ಅಂತೆ! ಊರವರ ಕಣ್ಣು ಸರಿ ಮಾಡೋ ಆನೆ. ತಪ್ಪು. ಬೇಕರಿಗೆ ಬೀಗ."

ಮತ್ತೆ ಟಣ್.

"ಸಿಸ್ಟರ್... 'ಪ್ರೆಷರ್ ಕುಕ್ಕರ್'. ಜೊತೆಗೆ ಇನ್ನೊಂದು ಮಾತು ಬರೆದಿದ್ದಾಳೆ. 'ಏಳು ತಿಂಗಳಾಯ್ತು ಕಣೇ, ಈಗಲಾದ್ರೂ ಬಾಯಿ ಬಿಡು.' ತಪ್ಪು, ತಪ್ಪು! ಸಿಸ್ಟರಿಗೂ ಬೀಗ."

ಅಮ್ಮ ಫೋನು ಕೆಳಗಿಟ್ಟರು. ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ, ತೀರಾ ಮೇಷ್ಟ್ರ ಗತ್ತಿನಲ್ಲೇ ಹೇಳಿದರು. "ಎಲ್ಲರ ಬಾಯಿಗೂ ಬೀಗ ಬಿದ್ದರೆ ಎಲ್ಲರ ಬೀಗವೂ ತೆರೆಯಬೇಕು. ಚಾಳೀಸು, ನಿನಗೆ ಇನ್ನೊಂದು ಅವಕಾಶ ಇದೆ ಕಣಮ್ಮ."

ಅವಳಿಗೆ ಟೈಪ್ ಮಾಡಲಾಗಲಿಲ್ಲ. ಅಕ್ಷರವೆಲ್ಲ ನೀರಿನಲ್ಲಿ ಕದಡಿ ಕಾಣುತ್ತಿತ್ತು. ಎದ್ದು ನಿಂತಳು.

"ನಾನು," ಎಂದಳು. "ಉತ್ತರ ನಾನು."

ಅಮ್ಮ ಮೇಷ್ಟ್ರ ಫೋನಿನಲ್ಲಿ ಹುಡುಕಿ ಒಂದು ಫೋಟೋ ತೆರೆದು ಅವಳ ಮುಂದೆ ಹಿಡಿದರು. ಲಿಫ್ಟ್ ಕಂಪನಿಯ ದೂರಿನ ಚೀಟಿಯ ಬೆನ್ನಿಗೆ, ನೀಲಿ ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ ಒಂದೇ ಪದ. 'ಚಾಳೀಸು.'

"ಮೂರನೇ ಸುಳಿವಿಗೆ ಒಂದೇ ಪಾಯಿಂಟು," ಎಂದ ಅಮ್ಮನ ದನಿ ಒಡೆಯಿತು. "ಒಂದೇ ಆದ್ರೂ ಬಂತಲ್ಲ. ನೋಡಿದ್ರೇನ್ರೀ? ಮುಗೀತು ನಿಮ್ಮ ಆಟ." ಕುರ್ಚಿಗೆ ಹಾಗೆ ಹೇಳಿ, ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದರು.

ನಡುಮನೆಯಲ್ಲಿ ಇಬ್ಬರೇ ಉಳಿದರು.

"ಆವತ್ತು ಬೇಕಂತಲೇ ತಪ್ಪು ಹೇಳಿದ್ರಿ ಅಂದ್ಕೊಂಡೆ," ಎಂದ ಅವನು. "ನೀವು ಯಾವತ್ತೂ ತಪ್ಪಿದವರಲ್ಲ. ಬೇಡ ಅನ್ನೋದನ್ನ ಹೀಗೆ ಹೇಳಿದ್ರು ಅಂತ..."

"ನಿಜವಾಗ್ಲೂ ಸಿಸ್ಟರೇ ಅಂದ್ಕೊಂಡಿದ್ದೆ! ನಿಮ್ಮ ಜೀವ ಉಳಿಸಿದ್ದು ಅವಳಲ್ವಾ?"

"ಅವರು ನನ್ನನ್ನ ಗುಂಡಿಯಿಂದ ಆಚೆ ತರಿಸಿದ್ರು. ಅಲ್ಲಿವರೆಗೂ ಉಳಿಸಿದ್ದು ಯಾರು?" ಅವನೇ ಮತ್ತೆ ಕೇಳಿದ. "ಆಸ್ಪತ್ರೆಗೆ ಯಾಕೆ ಬರಲಿಲ್ಲ? ಯಾರಾದ್ರೂ ಬಾಗಿಲು ತೆಗೆದಾಗೆಲ್ಲ ನೀವೇ ಅಂದ್ಕೊಳ್ತಿದ್ದೆ. ನಿಮ್ಮ ಮುಖವೇ ಗೊತ್ತಿರಲಿಲ್ಲ, ಆದ್ರೂ ಕಾಯ್ತಿದ್ದೆ."

"ಬಂದಿದ್ದೆ," ಎಂದು ಬಿಕ್ಕಿದಳು. "ನಾಲ್ಕನೇ ದಿನ, ಬಾಗಿಲ ತನಕ. ನೀವು ಅವಳ ಕೈ ಹಿಡ್ಕೊಂಡು ನಗ್ತಿದ್ರಿ."

ಅವನು ಬೆರಗಾಗಿ ನೋಡಿದ. "ಅವತ್ತೇ ಮೊದಲನೇ ಸಲ ಎದ್ದು ಕೂತಿದ್ದು. ಬಿದ್ದು ಹೋಗ್ತೀನಿ ಅಂತ ಹಿಡ್ಕೊಂಡಿದ್ದೆ. ನಗ್ತಿದ್ದಿದ್ದು ಯಾಕೆ ಗೊತ್ತಾ? ನೀವು ಕೇಳಿದ ಒಂಬತ್ತನೇ ಪ್ರಶ್ನೆಗೆ ಉತ್ತರ ಆಗ ಹೊಳೀತು."

ಅಳುತ್ತಲೇ ಅವಳಿಗೆ ನಗು ಬಂತು. ನಗು ಬಂದಿದ್ದಕ್ಕೆ ಇನ್ನಷ್ಟು ಅಳು ಬಂತು. ಮೇಷ್ಟ್ರು ಇದನ್ನು ನೋಡಬೇಕಿತ್ತು. ಬೀಗ ಹಾಕಿದ ಕೈ ಬೀಗ ತೆರೆಯುವುದನ್ನು ನೋಡದೆ ಹೋಯಿತು. ಈ ನೋವು ಇಬ್ಬರ ಜೊತೆಗೂ ಯಾವತ್ತೂ ಇರುವಂಥದ್ದು ಎಂದು ಇಬ್ಬರಿಗೂ ಗೊತ್ತಿತ್ತು.

"ನಾಳೆ ಹೋಗ್ಲೇಬೇಕಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಹೋಗ್ಬೇಕು. ಮಾತು ಕೊಟ್ಟಾಗಿದೆ. ಆದ್ರೆ ಭಾನುವಾರ ಬೆಳಿಗ್ಗೆ ಒಂದು ರೈಲಿದೆ. ನಾಲ್ಕು ಗಂಟೆ ಒಳಗೆ ಇಲ್ಲಿರ್ತೀನಿ."

"ಗುಂಪು ಮುಚ್ತಾರಂತಲ್ಲ..."

"ಯಾರು ಮುಚ್ಚೋದು?" ಎಂದು ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಮುಂದಿನ ವಾರ ನನ್ನ ಸರದಿ!"

ಅವನು ಒಂದು ಹೆಜ್ಜೆ ಹತ್ತಿರ ಬಂದ. ಅವಳ ಕನ್ನಡಕ ನೀರಿನಿಂದ ಮಂಜಾಗಿತ್ತು. ಮೆಲ್ಲನೆ ತೆಗೆದು, ತನ್ನ ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಅವಳ ಮುಖಕ್ಕೆ ಇಟ್ಟ.

"ಈಗ ಕಾಣ್ತಿದೆಯಾ?"

"ಹೂಂ."

"ಒಂದು ವಿಷಯ ಹೇಳ್ಬೇಕು. ಮೊದಲನೇ ಸುಳಿವು..."

"ಬೇಡಪ್ಪ!" ಎಂದು ಅವನ ಕೈ ಹಿಡಿದುಕೊಂಡಳು. "ಸುಳಿವು ಸಾಕು. ನೇರವಾಗಿ ಹೇಳಿಬಿಡಿ."

ಅವನು ಹೇಳಿದ. "ನೀವು ಜೊತೆಗಿಲ್ದೆ ಈ ಏಳು ತಿಂಗಳೂ ನಾನು ಆ ಗುಂಡಿಯಲ್ಲೇ ಇದ್ದೆ."

"ಇನ್ಮೇಲೆ ಇರಬೇಡಿ," ಎಂದಳು ಅವಳು. "ನಾನು ಬಂದಿದ್ದೀನಲ್ಲ."